ಕಟ್ಟುವುದಾ, ರಿಪೇರಿ ಮಾಡುವುದಾ? ಲ್ಯಾಬ್ ಉಪಕರಣಗಳ ಕೆಲಸಕ್ಕೆ ಹೊರಟ ಕಾಸರಗೋಡಿನ ಮಕ್ಕಳಿಗೆ

ಪ್ಲಸ್ ಟು ಫಲಿತಾಂಶ ಬಂತೆಂದರೆ ಪರಿಚಯದವರ ಫೋನ್ ಶುರುವಾಗುತ್ತದೆ. "ಮಗನಿಗೆ ಮೆಷಿನ್ ಬಿಚ್ಚುವ ಹುಚ್ಚು ಉಂಟು. ಯಾವ ಕೋರ್ಸಿಗೆ ಹಾಕುವುದು?" ಲ್ಯಾಬ್ ಉಪಕರಣಗಳ ಸರ್ವಿಸ್ ಮಾಡುವವನು ಅಂತ ನನ್ನನ್ನು ಕೇಳುತ್ತಾರೆ. ಕೋರ್ಸಿನ ಹೆಸರು ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಬಿಚ್ಚಿದ ಮೇಲೆ ಅವನು ಅದರಿಂದ ಬೇರೆ ಏನಾದರೂ ಮಾಡಲು ಹೊರಡುತ್ತಾನಾ, ಇಲ್ಲ ಯಾಕೆ ಕೆಟ್ಟಿತು ಅಂತ ಹುಡುಕುತ್ತಾ ಕೂರುತ್ತಾನಾ?

ಎರಡೂ ಬೇರೆ ಬೇರೆ ಜಾಯಮಾನ. ಮೊದಲನೆಯವನು ಉಪಕರಣ ಕಟ್ಟುವ ಕಡೆ ಹೋಗಬೇಕು, ಎರಡನೆಯವನು ರಿಪೇರಿಯ ಕಡೆ. ಇದು ಗೊತ್ತಾದರೆ ಕೋರ್ಸ್ ಆರಿಸುವುದು ಸುಲಭ. ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಇನ್ನೊಂದು ವಿಷಯವೂ ಸೇರಿದೆ. ಕಟ್ಟುವ ಕೆಲಸ ಬೇಕಾದರೆ ಊರು ಬಿಡಬೇಕು. ರಿಪೇರಿ ಕೆಲಸವನ್ನು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮನೆ ಇಟ್ಟುಕೊಂಡೇ ಮಾಡಬಹುದು.

ಯಾವ ಉಪಕರಣಗಳ ಮಾತು ಇದು? ಗ್ರಾಂನ ಹತ್ತು ಸಾವಿರದಲ್ಲೊಂದು ಭಾಗ ತೋರಿಸುವ ತಕ್ಕಡಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್, ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್, ಮೈಕ್ರೋಸ್ಕೋಪ್, ಡಿಎನ್ಎ ನಕಲು ಹೆಚ್ಚಿಸುವ ಪಿಸಿಆರ್, ದ್ರವದ ಮಿಶ್ರಣ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ವಿದ್ಯಾನಗರದ ಸರಕಾರಿ ಕಾಲೇಜು ಇಂಥ ಕಡೆ ಲ್ಯಾಬ್‌ಗಳಿವೆ. ತಲಪಾಡಿ ದಾಟಿದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಕೊಣಾಜೆಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆ. ಇಷ್ಟು ಲ್ಯಾಬ್‌ಗಳ ಯಂತ್ರ ಕೆಟ್ಟಾಗ ಯಾರಾದರೂ ಬರಲೇಬೇಕು. ಆ "ಯಾರಾದರೂ" ಹೆಚ್ಚಾಗಿ ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ಬರುತ್ತಾರೆ.

ಕಟ್ಟುವ ಕೆಲಸ

ಆದಿತ್ಯ ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೋಯಿತಲ್ಲ, ಅದರಲ್ಲಿ ಸೂರ್ಯನ ಹೊರ ವಾತಾವರಣ ಕರೋನಾ ನೋಡುವ ವಿಇಎಲ್‌ಸಿ ಎಂಬ ಮುಖ್ಯ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ. 2024ರ ಜನವರಿ 1ರಂದು ಹಾರಿದ, ಆಕಾಶದ ಎಕ್ಸ್‌ರೇ ನೋಡುವ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರ್ ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಅದರ ಕನ್ನಡಿಯನ್ನು ಅರೆದು ಪಾಲಿಶ್ ಮಾಡಿದ್ದೂ ಬೆಂಗಳೂರಿನಲ್ಲೇ. ಇಂಥ ಸುದ್ದಿಯಲ್ಲಿ ವಿಜ್ಞಾನಿಗಳ ಹೆಸರು ಬರುತ್ತದೆ. ವರ್ಕ್‌ಶಾಪಿನ ಟರ್ನರ್, ಫಿಟ್ಟರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ಸ್ ಟೆಕ್ನೀಷಿಯನ್‌ಗಳ ಹೆಸರು ಬರುವುದಿಲ್ಲ. ನಾವು ಈಗ ಮಾತಾಡುತ್ತಿರುವುದು ಅವರ ಕೆಲಸದ ಬಗ್ಗೆ.

ಆ ಕೆಲಸ ನಿಧಾನದ್ದು. ಡ್ರಾಯಿಂಗ್ ಬರುತ್ತದೆ. ಒಂದು ಅಲ್ಯೂಮಿನಿಯಂ ಚೌಕಟ್ಟನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕಡೆಯಬೇಕು. ಅಳೆಯುವ ಕೋಣೆಯ ಉಷ್ಣತೆ ಏರಿದರೆ ಅಳತೆಯೂ ಏರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವ್ಯಾಕ್ಯೂಮ್‌ನಲ್ಲಿ ಕೂರುವ ಭಾಗವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಎಣ್ಣೆ ಅಂಟಿದರೆ ಅದು ಒಳಗೆ ಆವಿಯಾಗುತ್ತಾ ಇರುತ್ತದೆ, ಪಂಪ್ ಎಷ್ಟು ಎಳೆದರೂ ಒತ್ತಡ ಇಳಿಯುವುದಿಲ್ಲ. ಒಂದು ಉಪಕರಣ ಮುಗಿಯಲು ವರ್ಷಗಳು ಹಿಡಿಯುತ್ತವೆ. ಮಧ್ಯದಲ್ಲಿ ಡಿಸೈನ್ ಬದಲಾಗಿ ನೀವು ಮಾಡಿದ ಭಾಗ ಮೂಲೆಗೆ ಹೋಗಲೂಬಹುದು. ಸಂಜೆಗೆ ಫಲ ಕಾಣಬೇಕು ಅನ್ನುವವರಿಗೆ ಇದು ಹೇಳಿಸಿದ್ದಲ್ಲ.

ಇದರಲ್ಲೇ ಒಂದು ಅಪರೂಪದ ಕವಲು ಗಾಜಿನ ಕೆಲಸ, ಅಂದರೆ ಗ್ಲಾಸ್ ಬ್ಲೋಯಿಂಗ್. ರಸಾಯನಶಾಸ್ತ್ರದ ಲ್ಯಾಬ್‌ಗೆ ಬೇಕಾದ ಕಂಡೆನ್ಸರ್, ವ್ಯಾಕ್ಯೂಮ್ ಲೈನ್‌ಗಳನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಊದಿ ಮಾಡುವುದು. ಗಾಜು ಕಾದಾಗ ಸೋಡಿಯಂನ ಹಳದಿ ಬೆಳಕು ಕಣ್ಣಿಗೆ ರಾಚುತ್ತದೆ. ಅದಕ್ಕೆ ಡಿಡಿಮಿಯಂ ಕನ್ನಡಕ ಹಾಕುತ್ತಾರೆ, ಆಗ ಗಾಜಿನ ಅಂಚು ಸ್ಪಷ್ಟ ಕಾಣುತ್ತದೆ. ಕಲಿತವರು ಕಡಿಮೆ, ಹುದ್ದೆಗಳೂ ಕಡಿಮೆ. ಗುರು ಸಿಕ್ಕಿದರೆ ಮಾತ್ರ ಹಿಡಿಯಿರಿ.

ರಿಪೇರಿ ಅಂದರೆ ನಿಜಕ್ಕೂ ಏನು

ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ. ಜನ ತಪ್ಪು ತಿಳಿದಿರುವುದು ಇದನ್ನೇ.

ಒಂದು ಕಾಲೇಜಿನಿಂದ ಕರೆ ಬರುತ್ತದೆ: "ಸ್ಪೆಕ್ಟ್ರೋದಲ್ಲಿ ರೀಡಿಂಗ್ ನಿಲ್ಲುವುದೇ ಇಲ್ಲ, ಓಡ್ತಾ ಇದೆ." ಹೊಸಬ ಹೋದ ತಕ್ಷಣ ಮುಚ್ಚಳ ಬಿಚ್ಚುತ್ತಾನೆ. ಕೆಲಸ ಗೊತ್ತಿರುವವನು ಮೊದಲು ಕೇಳುತ್ತಾನೆ: ಯಾವ ತರಂಗದೂರದಲ್ಲಿ? 500 ನ್ಯಾನೋಮೀಟರಿನಲ್ಲಿ ಸರಿ ಇದ್ದು 260ರಲ್ಲಿ ಮಾತ್ರ ಕುಣಿದರೆ ಅರ್ಧ ಉತ್ತರ ಸಿಕ್ಕಿತು. ಕಣ್ಣಿಗೆ ಕಾಣುವ ಬೆಳಕಿಗೆ ಟಂಗ್‌ಸ್ಟನ್ ದೀಪ, ಅತಿನೇರಳೆಗೆ ಡ್ಯೂಟೀರಿಯಂ ದೀಪ. ಒಂದು ಕಡೆ ಸರಿ ಇದೆ ಅಂದರೆ ಡಿಟೆಕ್ಟರ್, ಬೋರ್ಡು ಬಹುಮಟ್ಟಿಗೆ ಸರಿ. ಡ್ಯೂಟೀರಿಯಂ ದೀಪದ ಆಯಸ್ಸು ಸಾಮಾನ್ಯವಾಗಿ ಸಾವಿರ, ಎರಡು ಸಾವಿರ ಗಂಟೆ. ಎಷ್ಟು ಗಂಟೆ ಉರಿದಿದೆ ಅಂತ ಹೆಚ್ಚಿನ ಯಂತ್ರಗಳ ಮೆನುವಿನಲ್ಲೇ ಕಾಣುತ್ತದೆ.

ದೀಪ ಇನ್ನೂ ಹೊಸದಾ? ಹಾಗಾದರೆ ಕ್ಯುವೆಟ್, ಅಂದರೆ ದ್ರಾವಣ ಹಾಕಿಡುವ ಸಣ್ಣ ಚೌಕ ಪಾತ್ರೆ, ನೋಡಿ. 260ರಲ್ಲಿ ಅಳೆಯಲು ಕ್ವಾರ್ಟ್ಜ್ ಕ್ಯುವೆಟ್ ಬೇಕು. ಸಾಮಾನ್ಯ ಗಾಜು ಆ ಬೆಳಕನ್ನು ಬಿಡುವುದೇ ಇಲ್ಲ. ಎರಡೂ ನೋಡಲು ಒಂದೇ ಥರ. ಯಾರೋ ತೊಳೆದು ಪೆಟ್ಟಿಗೆಯಲ್ಲಿ ಅದಲು ಬದಲು ಇಟ್ಟಿರುತ್ತಾರೆ. ಅದೂ ಸರಿ ಇದ್ದರೆ ಮಲ್ಟಿಮೀಟರ್ ತೆಗೆದು ಗೋಡೆಯ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ವೋಲ್ಟೇಜ್ ನೋಡಬೇಕು. ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ದರೆ ಅರ್ತಿಂಗ್ ಅಥವಾ ವೈರಿಂಗ್‌ನಲ್ಲಿ ತೊಂದರೆ ಇರಬಹುದು, ಎಲೆಕ್ಟ್ರಿಷಿಯನ್‌ಗೆ ಹೇಳಿ. ಇಷ್ಟಾದ ಮೇಲೆ ಸ್ಕ್ರೂಡ್ರೈವರ್. ಒಳಗೆ ಹೋಗುವಾಗ ಉರಿಯುವ ಡ್ಯೂಟೀರಿಯಂ ದೀಪವನ್ನು ಬರಿಗಣ್ಣಿನಲ್ಲಿ ನೋಡಬಾರದು, ಕಣ್ಣು ಸುಡುತ್ತದೆ. ದೀಪದ ಗಾಜನ್ನು ಬೆರಳಿನಿಂದ ಹಿಡಿಯಲೂಬಾರದು.

ನಮ್ಮ ಕರಾವಳಿಗೆ ಅದರದ್ದೇ ರೋಗಗಳಿವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಮೇಲಿಂದ ಉಪ್ಪು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಎಳೆ ಕಂಡ ಕೂಡಲೇ ಒರೆಸಿದರೆ ಹೋಗುತ್ತದೆ. ವರ್ಷ ಬಿಟ್ಟರೆ ಲೆನ್ಸಿನ ಕೋಟಿಂಗನ್ನೇ ತಿಂದು ಗುರುತು ಉಳಿಸುತ್ತದೆ, ಆಮೇಲೆ ಯಾರಿಗೂ ಏನೂ ಮಾಡಲಾಗದು. ಹಿಂದೆ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿ ಒಣಗಿಸಿಡುತ್ತಿದ್ದರು. ಈಗ ಎಲ್‌ಇಡಿ ಬಂದ ಮೇಲೆ ಬಿಸಿಯಾಗುವ ಬಲ್ಬು ಹುಡುಕುವುದೇ ಒಂದು ಕೆಲಸ. ಸಿಲಿಕಾ ಜೆಲ್ ಇಟ್ಟು, ನೀಲಿ ಹೋಗಿ ಗುಲಾಬಿ ಆದಾಗ ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ ಮತ್ತೆ ಇಡಿ ಅಂತ ಹೇಳುತ್ತೇವೆ. ಕೇಳುವವರು ಕಡಿಮೆ.

ಇನ್ನು ಇರುವೆ. ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಒಳಗೆ ಇರುವೆ ಸತ್ತು ಕಾಂಟ್ಯಾಕ್ಟ್ ಕೂಡದೆ ಹೋಗುವುದು ಇಲ್ಲಿ ಮಾಮೂಲು. ಯುಪಿಎಸ್ ಬೋರ್ಡಿನ ಮೇಲೆ ಹಲ್ಲಿ. ಏಪ್ರಿಲ್ ಮೇ ತಿಂಗಳ ಸಿಡಿಲಂತೂ ಕೇಳಬೇಡಿ. ಯುಪಿಎಸ್ ಇದೆ ಅಂತ ಧೈರ್ಯವಾಗಿರುತ್ತಾರೆ, ಸಿಡಿಲು ನೆಟ್‌ವರ್ಕ್ ಕೇಬಲ್ಲಿನಲ್ಲಿ ಬಂದು ಕಂಪ್ಯೂಟರಿಗೆ ಜೋಡಿಸಿದ ಪೋರ್ಟನ್ನೇ ಸುಟ್ಟು ಹೋಗಿರುತ್ತದೆ.

ಇದೆಲ್ಲ ಓದಿ ನಿಮಗೆ "ಅಯ್ಯೋ" ಅನಿಸಿದರೆ ರಿಪೇರಿ ನಿಮಗಲ್ಲ. "ಆಮೇಲೆ?" ಅನಿಸಿದರೆ ನಿಮ್ಮದೇ.

ಕಟ್ಟುವವರು, ರಿಪೇರಿಯವರು ಅಂತ ನಾನು ಹೀಗೆ ಗೆರೆ ಎಳೆದರೂ ಅದನ್ನು ದಾಟಿದವರಿದ್ದಾರೆ. ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್ ಹತ್ತೊಂಬತ್ತನೇ ಶತಮಾನದಲ್ಲಿ ಜಾರ್ಜ್ ಎವರೆಸ್ಟ್ ನಡೆಸಿದ ಭಾರತದ ಭೂಮಾಪನದಲ್ಲಿ, ಕೋನ ಅಳೆಯುವ ಥಿಯೋಡಲೈಟ್ ಮುಂತಾದವುಗಳ ರಿಪೇರಿಗೆ ಸೇರಿದವರು. ಇಂಗ್ಲೆಂಡಿನಿಂದ ಬಂದ ಹೆನ್ರಿ ಬ್ಯಾರೋ ಹೋದ ಮೇಲೆ, 1843ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಉಪಕರಣ ತಯಾರಕನ ಹುದ್ದೆ ಅವರಿಗೇ ಸಿಕ್ಕಿತು. ರಿಪೇರಿಯಿಂದ ಕಟ್ಟುವ ಕಡೆಗೆ ಹೋಗುವುದು ಸಾಧ್ಯ. ಆ ಕಡೆಯಿಂದ ಈ ಕಡೆಗೆ ಬಂದವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಎಲ್ಲಿ ಕೆಲಸ ಮಾಡುವುದು

ಕಂಪನಿಯ ಸರ್ವಿಸ್ ಎಂಜಿನಿಯರ್: ಉಪಕರಣ ಮಾರುವ ಕಂಪನಿ ಅಥವಾ ಅದರ ಡೀಲರ್ ಬಳಿ ಕೆಲಸ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಟ್ರೈನಿಂಗ್, ಸರ್ವಿಸ್ ಮ್ಯಾನುವಲ್, ಅಸಲಿ ಬಿಡಿಭಾಗ, ಸಾಫ್ಟ್‌ವೇರಿನ ಪಾಸ್‌ವರ್ಡ್ ಎಲ್ಲಾ ಕೈಗೆ ಬರುತ್ತದೆ. ಹೊರಗಿನವರಿಗೆ ಇವು ಸಿಗುವುದಿಲ್ಲ. ಕಷ್ಟ ಅಂದರೆ ತಿರುಗಾಟ. ಬೆಳಿಗ್ಗೆ ಕಣ್ಣೂರು, ಮರುದಿನ ಮಣಿಪಾಲ. ಎಎಂಸಿ ಮಾಡಿಸು, ಸಿಎಂಸಿ ಮಾಡಿಸು ಅಂತ ಟಾರ್ಗೆಟ್ ಬೇರೆ. ಎರಡೂ ಉಪಕರಣದ ನಿರ್ವಹಣೆಯ ಒಪ್ಪಂದಗಳು. ಎಎಂಸಿಯಲ್ಲಿ ಸಾಮಾನ್ಯವಾಗಿ ಕೆಲಸದ ಕೂಲಿ ಮಾತ್ರ, ಸಿಎಂಸಿಯಲ್ಲಿ ಬಿಡಿಭಾಗವೂ ಸೇರಿರುತ್ತದೆ. ಸಂದರ್ಶನದಲ್ಲಿ ಇದನ್ನು ಕೇಳುವುದುಂಟು. ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕನ್ನಡ, ತುಳು, ಮಲಯಾಳ ಮೂರೂ ಬರುವವನನ್ನು ಕೋಝಿಕ್ಕೋಡ್‌ನಿಂದ ಉಡುಪಿಯವರೆಗೆ ಎಲ್ಲಿ ಬೇಕಾದರೂ ಕಳಿಸಬಹುದು. ಇದನ್ನು ಬಯೋಡೇಟಾದ ಕೊನೆಯ ಸಾಲಿಗೆ ತಳ್ಳಬೇಡಿ, ಮೇಲೆ ಬರೆಯಿರಿ.

ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗ: ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪ್, ಡೀಫಿಬ್ರಿಲೇಟರ್. ಮಂಜೇಶ್ವರ, ಉಪ್ಪಳದವರಿಗೆ ದೇರಳಕಟ್ಟೆ ಬಸ್ಸಿನಲ್ಲಿ ಹೋಗಿಬರುವ ದೂರ. ತಿರುಗಾಟ ಇಲ್ಲ, ಆದರೆ ರಾತ್ರಿ ಡ್ಯೂಟಿ ಇದೆ. ಐಸಿಯುನಲ್ಲಿ ಮೆಷಿನ್ ನಿಂತರೆ ಮೊದಲು ಬದಲಿ ಮೆಷಿನ್ ಕೊಡಬೇಕು, ರಿಪೇರಿ ಆಮೇಲೆ. ಸಂಬಳ ಶುರುವಿಗೆ ಕಡಿಮೆಯೇ, ಮುಚ್ಚಿಡುವುದು ಬೇಡ. ದೊಡ್ಡ ಯಂತ್ರಗಳನ್ನು ಕಂಪನಿಯವರೇ ನೋಡಿಕೊಳ್ಳುವುದರಿಂದ ಕಲಿಕೆ ಒಂದು ಹಂತಕ್ಕೆ ನಿಲ್ಲುತ್ತದೆ. ಮನೆಗೆ ಹತ್ತಿರ ಇರಲೇಬೇಕಾದವರಿಗೆ ಒಳ್ಳೆಯದು. ಹುಡುಗಿಯರು ಈ ವಿಭಾಗದಲ್ಲಿ ಚೆನ್ನಾಗಿ ನೆಲೆ ನಿಂತದ್ದನ್ನು ನೋಡಿದ್ದೇನೆ.

ಕಾರ್ಖಾನೆಯ ಇನ್‌ಸ್ಟ್ರುಮೆಂಟೇಷನ್: ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್, ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಂಥ ಜಾಗ. ಒತ್ತಡ, ಉಷ್ಣತೆ, ಹರಿವು ಅಳೆಯುವ ಟ್ರಾನ್ಸ್‌ಮಿಟರ್, ಕಂಟ್ರೋಲ್ ವಾಲ್ವ್. ಸಿಗ್ನಲ್ 4ರಿಂದ 20 ಮಿಲಿಆಂಪ್. ಸೊನ್ನೆಗೆ ಸೊನ್ನೆ ಕರೆಂಟು ಇಡದೆ 4 ಇಟ್ಟದ್ದು ಯಾಕೆ ಗೊತ್ತಾ? ತಂತಿ ತುಂಡಾದರೆ ಸೊನ್ನೆ ಬರುತ್ತದೆ, ಆಗ ಅಳತೆ ಸೊನ್ನೆಯಾ ತಂತಿ ಹೋಯಿತಾ ಅಂತ ಗೊತ್ತಾಗಬೇಕಲ್ಲ. ಇದು ಲ್ಯಾಬ್ ಉಪಕರಣ ಅಲ್ಲ, ಆದರೂ ನಂಟು ಹತ್ತಿರದ್ದು. ಶಿಫ್ಟ್ ಕೆಲಸ, ಒಂದೇ ನಮೂನೆಯ ಉಪಕರಣ, ಹಣ ಪರವಾಗಿಲ್ಲ. ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಸಮಯದಲ್ಲಿ ಗುತ್ತಿಗೆದಾರರು ಜನ ತೆಗೆದುಕೊಳ್ಳುತ್ತಾರೆ. ಒಳಗೆ ಕಾಲಿಡಲು ಅದು ಒಂದು ದಾರಿ.

ಸರಕಾರಿ ಕೆಲಸ: ಎಲ್ಲರ ಕಣ್ಣೂ ಇಲ್ಲಿ. ಇಸ್ರೋದ ಟೆಕ್ನೀಷಿಯನ್ ಬಿ ಹುದ್ದೆಗೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಸಾಕು. ಏಳನೇ ವೇತನ ಆಯೋಗದ ಲೆವೆಲ್ 3, ಶುರುವಿನ ಮೂಲವೇತನ 21,700 ರೂಪಾಯಿ. ಟೆಕ್ನಿಕಲ್ ಅಸಿಸ್ಟೆಂಟ್ ಆಗಲು ಪ್ರಥಮ ದರ್ಜೆ ಡಿಪ್ಲೊಮಾ ಬೇಕು. ಅದು ಲೆವೆಲ್ 7, ಅಂದರೆ 44,900. ಎರಡು ಪಟ್ಟಿಗಿಂತ ಜಾಸ್ತಿ ಆಯಿತಲ್ಲ? ಐಟಿಐ ಮುಗಿಸಿದವರು ಅಲ್ಲೇ ನಿಲ್ಲಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಣುಶಕ್ತಿ ವಿಭಾಗದಲ್ಲಿ, ಕೈಗಾ ಸೇರಿ, ಸ್ಟೈಪೆಂಡಿಯರಿ ಟ್ರೈನಿ ಅಂತ ತೆಗೆದುಕೊಳ್ಳುತ್ತಾರೆ. ಮೊದಲ ವರ್ಗಕ್ಕೆ ಡಿಪ್ಲೊಮಾ ಅಥವಾ ಬಿಎಸ್ಸಿ, ಎರಡನೆಯದಕ್ಕೆ ಐಟಿಐ ಅಥವಾ ಪ್ಲಸ್ ಟು. ಇನ್ನು ಮನೆಯ ಪಕ್ಕದಲ್ಲೇ ಸಿಪಿಸಿಆರ್‌ಐ ಇದೆ, ಅಲ್ಲಿ ಸಿಗುತ್ತದೆ ಅಂದುಕೊಳ್ಳುವವರಿದ್ದಾರೆ. ಅದು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಸಂಸ್ಥೆ, ಖಾಯಂ ಹುದ್ದೆಗೆ ಪೈಪೋಟಿ ದೇಶದ ಮಟ್ಟದ್ದು. ಕೂಡ್ಲಿನವರಿಗೆ ರಿಯಾಯಿತಿ ಇಲ್ಲ. ಸರಕಾರಿ ಪರೀಕ್ಷೆ ಬರೆಯಿರಿ, ಆದರೆ ಅದನ್ನೇ ಕಾಯುತ್ತಾ ಕೈ ಕಟ್ಟಿ ಕೂರಬೇಡಿ. ಎರಡು ವರ್ಷ ಮುಟ್ಟದಿದ್ದರೆ ಸೋಲ್ಡರಿಂಗ್ ಕೈ ಮರೆತುಹೋಗುತ್ತದೆ.

ಸ್ವಂತ ಅಂಗಡಿ: ನನಗೆ ಇಷ್ಟವಾದ ದಾರಿ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೀತು. ಶಾಲೆ ಕಾಲೇಜುಗಳ ಮೈಕ್ರೋಸ್ಕೋಪ್, ನೀರು ಪರೀಕ್ಷೆಯ ಲ್ಯಾಬ್, ಕ್ಲಿನಿಕಲ್ ಲ್ಯಾಬ್‌ಗಳ ಸೆಂಟ್ರಿಫ್ಯೂಜ್, ಗೇರುಬೀಜ ಫ್ಯಾಕ್ಟರಿಯ ತೇವಾಂಶ ಮೀಟರ್, ಸರ್ವೆಯವರು ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್. ಕೆಲಸಕ್ಕೆ ಬರ ಇಲ್ಲ. ಬರ ಇರುವುದು ಹಣ ಕೈಗೆ ಬರುವುದರಲ್ಲಿ. ಕಾಲೇಜಿನ ಬಿಲ್ಲು ಎಷ್ಟೋ ಸಲ ಮಾರ್ಚ್‌ವರೆಗೆ ಕಾಯಿಸುತ್ತದೆ. ಖಾಸಗಿ ಲ್ಯಾಬ್‌ನ ನಾಲ್ಕು ಸಣ್ಣ ಕೆಲಸ ಇಟ್ಟುಕೊಂಡರೆ ಮನೆ ಖರ್ಚು ನಡೆಯುತ್ತದೆ. ಎರಡು ಕಾನೂನು ಗೊತ್ತಿರಲಿ. ವ್ಯಾಪಾರಕ್ಕೆ ಬಳಸುವ ತಕ್ಕಡಿ ರಿಪೇರಿ ಮಾಡಲು 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯಂತೆ ಲೈಸೆನ್ಸ್ ಬೇಕು. ಚಿನ್ನದಂಗಡಿಯವರು ಪರಿಚಯ ಅಂತ ಸುಮ್ನೆ ಬಿಚ್ಚಬೇಡಿ. ಎಕ್ಸ್‌ರೇ ಯಂತ್ರ ಅಣುಶಕ್ತಿ ನಿಯಂತ್ರಣ ಮಂಡಳಿಯ ಹತೋಟಿಯಲ್ಲಿದೆ, ಅನುಮತಿ ಇಲ್ಲದೆ ಅದರ ತಂಟೆಗೆ ಹೋಗಲೇಬಾರದು. ಅಂಗಡಿಯನ್ನು ಓದು ಮುಗಿದ ಕೂಡಲೇ ಹಾಕುವುದು ಮಾತ್ರ ಬೇಡ. ಕಂಪನಿಯಲ್ಲಿ ನಾಲ್ಕೈದು ವರ್ಷ ತಿರುಗಿ ಬಂದವನಿಗೆ ಗಿರಾಕಿಗಳ ಪರಿಚಯವೂ ಇರುತ್ತದೆ, ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಿರುತ್ತದೆ.

ಈಗ ಕೋರ್ಸ್

ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲಿ ಇಲ್ಲ. ಹತ್ತಿರದಲ್ಲಿ ಸಿಗದಿದ್ದರೆ ರಿಪೇರಿಗೆ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಕಟ್ಟುವ ಕಡೆಗೆ ಟರ್ನರ್ ಅಥವಾ ಮೆಷಿನಿಸ್ಟ್. ರೆಫ್ರಿಜರೇಷನ್ ಟ್ರೇಡನ್ನು ಜನ ಎಸಿ ರಿಪೇರಿ ಅಂತ ಕಡೆಗಣಿಸುತ್ತಾರೆ. ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ನೋಡಲು ಬರುವವರು ತೀರಾ ಕಡಿಮೆ, ಅಂಥ ಫ್ರೀಜರ್ ಇಲ್ಲದ ಜೀವವಿಜ್ಞಾನದ ಲ್ಯಾಬೂ ಕಡಿಮೆ. ಯೋಚಿಸಿ ನೋಡಿ.

ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿಯಲ್ಲಿ ಹೋಗಬಹುದು. ಹತ್ತನೇ ಆದ ಮೇಲೆ ಐಟಿಐ, ಆಮೇಲೆ ಡಿಪ್ಲೊಮಾ. ಈ ದಾರಿಯಲ್ಲಿ ನೇರ ಡಿಪ್ಲೊಮಾಕ್ಕಿಂತ ಒಂದು ವರ್ಷ ಜಾಸ್ತಿ ಹೋಗುತ್ತದೆ. ಆದರೆ ಕೈ ಪಳಗಿರುತ್ತದೆ. ನನ್ನ ಕೈಕೆಳಗೆ ಯಾರನ್ನಾದರೂ ಸೇರಿಸಿಕೊಳ್ಳುವುದಾದರೆ ಇಂಥವರನ್ನೇ ಮೊದಲು ನೋಡುತ್ತೇನೆ.

ಕಟ್ಟುವ ಕಡೆ ಮನಸ್ಸಿದ್ದರೆ ಟೂಲ್ ರೂಮ್ ತರಬೇತಿಗೆ, ಅಂದರೆ ಅಚ್ಚು, ಸಲಕರಣೆ ಕಡೆಯುವ ಕಲಿಕೆಗೆ, ಸಾಟಿ ಇಲ್ಲ. ಬೈಕಂಪಾಡಿಯ ಜಿಟಿಟಿಸಿ ಎಂಬ ಸರಕಾರಿ ತರಬೇತಿ ಕೇಂದ್ರದಲ್ಲಿ ಹತ್ತನೇ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ ಓದು ಮತ್ತು ಒಂದು ವರ್ಷ ಇಂಟರ್ನ್‌ಶಿಪ್. ಈಗ ಬೆಂಗಳೂರಿನಲ್ಲಿ ದೊಡ್ಡದಾಗಿ ಬೆಳೆದಿರುವ ತರಬೇತಿ ಸಂಸ್ಥೆ ಎನ್‌ಟಿಟಿಎಫ್ 1959ರಲ್ಲಿ ಸ್ವಿಸ್ ನೆರವಿನಿಂದ ಶುರುವಾದದ್ದು ನಮ್ಮ ಪಕ್ಕದ ತಲಶ್ಶೇರಿಯ ನೆಟ್ಟೂರಿನಲ್ಲಿ. ಚಂಡೀಗಢದಲ್ಲಿ ಕೇಂದ್ರ ಸರಕಾರದ ಉಪಕರಣ ಸಂಶೋಧನಾ ಸಂಸ್ಥೆ ಸಿಎಸ್‌ಐಒ ಕೈಕೆಳಗೆ ಇಂಡೋ ಸ್ವಿಸ್ ಟ್ರೈನಿಂಗ್ ಸೆಂಟರ್ ಇದೆ. ದೂರ ಹೋಗಲು ಹೆದರದವರು ವಿಚಾರಿಸಬಹುದು.

ಬಿಎಸ್ಸಿ ಫಿಸಿಕ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅಳತೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ, ಕೈ ಮಾತ್ರ ಹಿಂದೆ ಬೀಳುತ್ತದೆ. ಉಪಕರಣ ಮಾರಿದ ಮೇಲೆ ಗಿರಾಕಿಗೆ ಹೇಳಿಕೊಡುವ ಅಪ್ಲಿಕೇಷನ್ ವಿಭಾಗ, ಇಲ್ಲವೇ ಐಎಸ್ಒ 17025 ಎಂಬ ಮಾನದಂಡದ ಪ್ರಕಾರ ನಡೆಯುವ, ಉಪಕರಣದ ಅಳತೆ ಸರಿ ಇದೆಯಾ ಅಂತ ನೋಡುವ ಕ್ಯಾಲಿಬ್ರೇಷನ್ ಲ್ಯಾಬ್‌ಗಳು ಅವರಿಗೆ ಸರಿಹೊಂದುತ್ತವೆ. ಬಿಇ ಮಾಡಿದವರು ಸರ್ವಿಸ್‌ಗೆ ಬರುತ್ತಾರೆ, ಬಹಳ ಮಂದಿ ಬೇಗ ಮ್ಯಾನೇಜರ್ ಆಗಿ ಸ್ಕ್ರೂಡ್ರೈವರ್ ಬಿಡುತ್ತಾರೆ. ಅದು ಬೇಕಾದವರಿಗೆ ಸರಿ.

ಕನ್ನಡ ಮೀಡಿಯಂನವರು ಇಂಗ್ಲಿಷ್ ಮ್ಯಾನುವಲ್ ನೋಡಿ ಹೆದರುವುದನ್ನು ಕಂಡಿದ್ದೇನೆ. ಸರ್ವಿಸ್ ಮ್ಯಾನುವಲ್ಲಿನ ಇಂಗ್ಲಿಷ್ ತುಂಬಾ ಚಿಕ್ಕದು. ಅದೇ ಪದ, ಅದೇ ಬಗೆಯ ವಾಕ್ಯ ತಿರುಗಿ ತಿರುಗಿ ಬರುತ್ತದೆ. ಆರು ತಿಂಗಳಲ್ಲಿ ಒಗ್ಗಿಹೋಗುತ್ತದೆ. ಕಷ್ಟ ಇರುವುದು ರಿಪೋರ್ಟ್ ಬರೆಯುವುದರಲ್ಲಿ. ಏನು ಕಂಡಿತು, ಏನು ಅಳೆದೆ, ಏನು ಬದಲಿಸಿದೆ, ಈ ಮೂರು ಸಾಲು ಬರೆಯುವುದನ್ನು ಓದುವಾಗಲೇ ರೂಢಿ ಮಾಡಿಕೊಳ್ಳಿ.

ಅರ್ಜಿ ಹಾಕುವಾಗ

ಕೇರಳದಲ್ಲಿ ಐಟಿಐ ಮತ್ತು ಪಾಲಿಟೆಕ್ನಿಕ್ ಪ್ರವೇಶ ಆನ್‌ಲೈನ್, ಎರಡಕ್ಕೂ ಬೇರೆ ಬೇರೆ ಅರ್ಜಿ. ಎರಡನ್ನೂ ಹಾಕಿಡಿ. ಮಂಗಳೂರು ಕಡೆ ಓದುವ ಯೋಚನೆ ಇದ್ದವರಿಗೆ ಒಂದು ಮಾತು. ಕರ್ನಾಟಕದ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟಿಗೆ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ಕಲಂ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು ಅದರಲ್ಲಿ ಬರುತ್ತಾರೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕಿನವರೂ ಬರುತ್ತಾರೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ವಾಸ, ಓದು, ಮಾತೃಭಾಷೆ ತೋರಿಸುವ ಸರ್ಟಿಫಿಕೇಟ್‌ಗಳು ಅವರು ಹೇಳಿದ ನಮೂನೆಯಲ್ಲೇ ಇರಬೇಕು, ಕೇರಳದ ವಿಲೇಜ್ ಆಫೀಸಿನ ಮಾಮೂಲಿ ನಮೂನೆ ಅಲ್ಲಿ ನಡೆಯದೆ ಇರಬಹುದು. ಆ ವರ್ಷದ ಬ್ರೋಷರಿನಿಂದ ನಮೂನೆ ಪ್ರಿಂಟ್ ಮಾಡಿಕೊಂಡು ಫಲಿತಾಂಶಕ್ಕೆ ಮೊದಲೇ ವಿಲೇಜ್ ಆಫೀಸಿಗೆ ಹೋಗಿ. ಮೇ ಕೊನೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.